ಬಿಸಿಲಲ್ಲಿ ನಿಂತ ದಾಯಾದಿಯ ಕಾರು

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಅಂದೂ ಸಂಕೋಚವಿರಲಿಲ್ಲ, ಇಂದೂ ಇಲ್ಲ. ಅತ್ತಿಗುಪ್ಪೆಯ ರಾಗಿ ಹೊಲದಲ್ಲಿ ಕಳೆ ಕಿತ್ತು, ಕೈ ತೊಳೆದುಕೊಂಡು, ಮಾಗಡಿ ರಸ್ತೆ ಹಿಡಿದು ಬರಿಗಾಲಲ್ಲಿ ಪೇಟೆಯ ಶಾಲೆಗೆ ನಡೆದವನು. ಆಮೇಲೆ ಹಾಸ್ಟೆಲ್ಲು, ಆಮೇಲೆ ಬಿ.ಎಸ್ಸಿ. ರಾಜಾಜಿನಗರದಲ್ಲಿ ಆಗಷ್ಟೇ ಬ್ಲಾಕುಗಳು ಒಂದೊಂದಾಗಿ ಏಳುತ್ತಿದ್ದವು. ಅಲ್ಲಿಯ ಹೊಸ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರ ಕೆಲಸ ಸಿಕ್ಕಿತು. ನನಗೊಂದು ಸೈಕಲ್ಲಿತ್ತು, ಎರಡು ಜೊತೆ ಬಿಳಿ ಪ್ಯಾಂಟಿತ್ತು, ಹೆಸರಿನ ಮುಂದೆ ಮೂರು ಇಂಗ್ಲಿಷ್ ಅಕ್ಷರ ಇದ್ದವು.

ನಮಗೂ ದೊಡ್ಡಪ್ಪನವರಿಗೂ ನಡುಗೋಡೆ ಒಂದೇ, ಜಗಲಿಯೂ ಒಂದೇ. ಜಗಲಿಯ ನಡುಗಂಬಕ್ಕೆ ಒರಗಿ ಕೂರುವ ಜಾಗ ದೊಡ್ಡಪ್ಪನದು. ಅವರು ತೀರಿಹೋದ ಮೇಲೆ ಬಹಳ ದಿನ ಅಲ್ಲಿ ಯಾರೂ ಕೂರಲಿಲ್ಲ. ನನ್ನ ರಿಸಲ್ಟು ಬಂದ ಸಂಜೆ ದೊಡ್ಡಮ್ಮನೇ, "ಅಲ್ಲಿ ಕೂತ್ಕೊಳ್ಳಪ್ಪ. ಇನ್ಮೇಲೆ ಎರಡು ಮನೆಗೂ ತಿಳಿದೋನು ಅಂದ್ರೆ ನೀನೇ" ಅಂದರು. ನಾನು ಕೂತೆ. ಅಂದಿನಿಂದ ಆ ಕಂಬ ನನ್ನದಾಯಿತು. ಜಮೀನು ಬಿಟ್ಟುಕೊಡಬೇಕೆಂದು ಬರುವ ನೋಟಿಸನ್ನು ಓದಿ ಹೇಳುವವನು ನಾನು. ಔಷಧಿ ಸೀಸೆಯ ಮೇಲಿನ ಚೀಟಿ ಓದುವವನು ನಾನು. ಊರಿನ ಯಜಮಾನರು ಕೂಡ ತಲೆಯ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟುಕೊಂಡು, "ಇದೇನಂತ ನೋಡಪ್ಪ" ಎಂದು ಕಾಗದ ಚಾಚುತ್ತಿದ್ದರು. ಆ ಕಂಬಕ್ಕೆ ಒರಗಿದಾಗ ನನ್ನ ಬೆನ್ನಿಗೆ ಆಗುತ್ತಿದ್ದ ಸುಖವನ್ನು ಈಗ ಯಾವ ಆರಾಮಕುರ್ಚಿಯೂ ಕೊಡುವುದಿಲ್ಲ.

ದೊಡ್ಡಪ್ಪನ ಮಗ ನನಗಿಂತ ನಾಲ್ಕು ವರ್ಷ ದೊಡ್ಡವನು. ಮಿಡ್ಲ್ ಸ್ಕೂಲು ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಸ್ಲೇಟನ್ನು ಅಟ್ಟಕ್ಕೆಸೆದು ನೇಗಿಲು ಹಿಡಿದವನು. ರಾಜಾಜಿನಗರ ಏಳತೊಡಗಿದಾಗ ನಮ್ಮ ಕೆರೆಯಂಗಳದ ಮಣ್ಣಿನಲ್ಲಿ ಇಟ್ಟಿಗೆ ಸುಡಿಸಿ, ಎತ್ತಿನಗಾಡಿಯಲ್ಲಿ ಸಾಗಿಸುವ ಕೆಲಸಕ್ಕೆ ಇಳಿದ. ಒಂದು ಗಾಡಿ ಆರಾಯಿತು. ಮೈಯೆಲ್ಲ ಕೆಂಪು ಧೂಳು, ಬಾಯಿ ತುಂಬ ನಗು. ನನ್ನನ್ನು ಅವನು "ಮೇಷ್ಟ್ರೇ" ಎನ್ನುತ್ತಿದ್ದ, ಅರ್ಧ ತಮಾಷೆಗೆ, ಅರ್ಧ ಹೆಮ್ಮೆಗೆ. ನಾನು ಹಾಸ್ಟೆಲಿನಲ್ಲಿದ್ದಷ್ಟು ವರ್ಷವೂ ತಿಂಗಳಿಗೊಮ್ಮೆ ಸೈಕಲ್ಲಿನ ಹಿಂದೆ ರಾಗಿಹಿಟ್ಟಿನ ಚೀಲ ಕಟ್ಟಿಕೊಂಡು ಬಂದು ಕೊಟ್ಟು ಹೋಗುತ್ತಿದ್ದವನು ಅವನೇ. ಇದನ್ನೂ ಬರೆದುಬಿಡಬೇಕು. ಬರೆಯದಿದ್ದರೆ ಮುಂದಿನದಕ್ಕೆ ಅರ್ಥವಿರುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಅವನು ಕಾರು ತಂದ. ಮಲ್ಲೇಶ್ವರದ ಕಡೆ ರಿಟೈರಾದ ಯಾರೋ ಆಫೀಸರು ಮಾರಿದ ಹಳೆಯ ಸೀಮೆ ಕಾರು. ಮೈ ಕಡುಗಪ್ಪು. ಒಳಗೆ ಕಂದು ಬಣ್ಣದ ಸೀಟು, ಸ್ಟಿಯರಿಂಗ್ ಮುಂದೆ ಪಾಲಿಶ್ ಮಾಡಿದ ಮರದ ಹಲಗೆ, ಅದರಲ್ಲಿ ನಿಂತುಹೋದ ಒಂದು ಗಡಿಯಾರ. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಈಡುಗಾಯಿ ಒಡೆದು, ಮೂತಿಗೆ ಕುಂಕುಮ ಹಚ್ಚಿದರು. ಊರೆಲ್ಲ ಬಂದು ನಿಂತಿತು. ನಾನು ಕಂಬಕ್ಕೆ ಒರಗಿ ಪೇಪರು ಹಿಡಿದಿದ್ದೆ. ಒಂದು ಗಂಟೆ ಅದೇ ಪುಟ ಹಿಡಿದಿದ್ದೆ. ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಹದಿನಾರು ವರ್ಷ ಓದಿ ಸಂಪಾದಿಸಿದ್ದನ್ನು ಅವನು ಒಂದೇ ಬೆಳಗ್ಗೆ ಹಾರ್ನ್ ಹೊಡೆದು ತೆಗೆದುಕೊಂಡ ಅನ್ನಿಸಿತು.

"ಬಾರೋ ಮೇಷ್ಟ್ರೇ, ಮುಂದುಗಡೆ ಕೂತ್ಕೋ. ಕೆಂಗೇರಿ ಗಂಟ ಒಂದ್ ರೌಂಡು ಹೋಗ್ಬರಾಣ" ಎಂದ.

"ಇಲ್ಲ ಅಣ್ಣಯ್ಯ, ಪೇಪರು ತಿದ್ದೋದಿದೆ" ಅಂದೆ. ತಿದ್ದುವುದಕ್ಕೆ ಒಂದು ಪೇಪರೂ ಇರಲಿಲ್ಲ.

ಆಮೇಲಿನ ಸಂಜೆಗಳಲ್ಲಿ ಜನ ಜಗಲಿಗೆ ಬರುತ್ತಿದ್ದರು, ಆದರೆ ಕೂರುತ್ತಿದ್ದದ್ದು ಕಾರಿಗೆ ಮುಖ ಮಾಡಿ. ನನ್ನ ಕಂಬ ಅವರ ಬೆನ್ನ ಹಿಂದೆ ಬಿತ್ತು. ನನಗೆ ಕಾರು ಬೇಕಿರಲಿಲ್ಲ. ಆ ಜಾಗ ವಾಪಸು ಬೇಕಿತ್ತು, ಅಷ್ಟೇ. ಅದಕ್ಕೆ ಇದ್ದದ್ದು ಒಂದೇ ದಾರಿ, ಕಾರು ಕೆಡಬೇಕು. ಹಾಗಂತ ನಾನು ಅದರ ಮೇಲೆ ಕೈ ಮಾಡುವವನಲ್ಲ. ಕಾಯುವವನು. ಕಲಿತ ಮನುಷ್ಯನ ಹೊಟ್ಟೆಕಿಚ್ಚು ಹಾಗೇ ಇರುತ್ತದೆ, ಅದಕ್ಕೆ ತಾಳ್ಮೆ ಜಾಸ್ತಿ.

ಕಾರು ನಿಲ್ಲಿಸಲು ನೆರಳಿರಲಿಲ್ಲ. ಮನೆ ಮಗ್ಗುಲಿನ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತೇನೆ, ಬೇಸಿಗೆ ಮುಗಿಯುವ ತನಕ ಎತ್ತುಗಳನ್ನು ಹೊರಗೆ ಕಟ್ಟೋಣ ಎಂದು ಅವನು ಒಮ್ಮೆ ಬಾಯಿ ಬಿಟ್ಟ. ದೊಡ್ಡಮ್ಮ ಅವರೆಕಾಳು ಬಿಡಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಅನ್ನ ಹಾಕಿದ ಬಸವಣ್ಣನ್ನ ಬಿಸಿಲಲ್ಲಿ ನಿಲ್ಸಿ, ತಗಡನ್ನ ನೆಳ್ಳಲ್ಲಿ ಕಟ್ಟಾಕ್ತೀಯೇನ್ಲಾ? ನಾಳೆ ಅದಕ್ಕೆ ಹುಲ್ಲೂ ಹಾಕು."

ಆ ಮಾತು ಅಲ್ಲಿಗೆ ಮುಗಿಯಿತು. ಊರಾಚೆ ಹೊಂಗೆ ಮರವಿತ್ತು, ಆದರೆ ಅಲ್ಲಿ ಕಾಗೆಗಳ ಕಾಟ, ಜೊತೆಗೆ ಅಲ್ಲಿ ನಿಲ್ಲಿಸಿದರೆ ನೋಡುವವರು ಯಾರು? ಕಾರು ಮನೆ ಮುಂದಿನ ಬಯಲಿನಲ್ಲೇ ನಿಂತಿತು. ಮೊದಲ ವಾರ ಗಾಜು ಇಳಿಸಿಯೇ ಬಿಡುತ್ತಿದ್ದ. ಒಂದು ದಿನ ಕೋಳಿ ಒಳಗೆ ಹಾರಿ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟಿತು. ಊರಿಗೆ ಎರಡು ದಿನ ಅದೇ ನಗೆಯಾಯಿತು. ಅಲ್ಲಿಂದ ಅವನು ನಾಲ್ಕೂ ಗಾಜನ್ನು ತಿರುಪಿ ತಿರುಪಿ ಪೂರಾ ಏರಿಸಿಡತೊಡಗಿದ. ಬೆಳಗಿನ ಸುತ್ತು ಮುಗಿಸಿ ಹತ್ತು ಗಂಟೆಗೆ ತಂದು ನಿಲ್ಲಿಸಿದರೆ, ಇಟ್ಟಿಗೆ ಗೂಡಿನಿಂದ ಅವನು ಬರುವ ತನಕ ಅದು ಬಾಯಿ ಮುಚ್ಚಿಕೊಂಡು ಬೇಯುತ್ತಿತ್ತು.

ನನಗೆ ಅದರ ಪ್ರತಿಯೊಂದು ಸಂಗತಿಯೂ ಗೊತ್ತಿತ್ತು. ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಸೈಕಲ್ಲನ್ನು ನಿಧಾನ ಮಾಡಿ ಗಾಜಿಗೆ ಮುಖ ತಾಗಿಸಿ ನೋಡುತ್ತಿದ್ದೆ. ಇನ್ನೊಬ್ಬರ ವಸ್ತುವನ್ನು ಅಷ್ಟು ಪ್ರೀತಿಯಿಂದ ನೋಡುವವನು ಅಸೂಯೆಯವನು ಮಾತ್ರ. ಮಾಲೀಕ ದಿನಾ ಕೂತು ಓಡಿಸುತ್ತಾನೆ, ಏನೂ ಕಾಣುವುದಿಲ್ಲ. ನನಗೆ ಎಲ್ಲ ಕಾಣುತ್ತಿತ್ತು. ಸೀಟು ಚರ್ಮದ್ದಲ್ಲ, ರೆಕ್ಸಿನಿನದು ಎಂದು ಮೊದಲ ದಿನವೇ ಗೊತ್ತಾಗಿತ್ತು. ಸೀಟಿನ ಕೆಳ ಅಂಚು ಒಂದು ಕಡೆ ಹರಿದಿತ್ತು. ಅಲ್ಲಿ ನೇಯ್ದ ಬಟ್ಟೆ ಕಾಣುತ್ತಿತ್ತು, ಬಟ್ಟೆಯ ಮೇಲೆ ಬಳಿದ ಪದರ ಕಾಣುತ್ತಿತ್ತು. ಮಾರಿದವರು ಚರ್ಮ ಅಂದಿದ್ದರಂತೆ, ಇವನು ನಂಬಿದ್ದ. ಫಾಲ್ಗುಣದ ಹೊತ್ತಿಗೆ ಮರದ ಹಲಗೆಯ ಪಾಲಿಶ್ ಮಂಕಾಯಿತು. ಆಮೇಲೆ ಅದರ ಮೇಲಿನ ತೆಳು ಪದರ ಗಡಿಯಾರದ ಸುತ್ತ ಈರುಳ್ಳಿ ಸಿಪ್ಪೆಯ ಹಾಗೆ ಏಳತೊಡಗಿತು. ಸ್ಟಿಯರಿಂಗಿನ ಕಪ್ಪು ಬಳೆಯಲ್ಲಿ, ಕಡ್ಡಿಗಳು ಬಂದು ಸೇರುವಲ್ಲಿ, ಕೂದಲೆಳೆಯಷ್ಟು ಗೀರು. ಬಾಗಿಲು ತೆರೆದರೆ ಹಳೆಯ ತೆಂಗಿನ ನಾರು, ಬಿಸಿ ರಬ್ಬರು, ಬಡಗಿಯ ಅಂಟು ಎಲ್ಲ ಸೇರಿದ ಒಂದು ಮುಗ್ಗಲು ವಾಸನೆ.

ಯುಗಾದಿ ಕಳೆದ ಭಾನುವಾರ ನಾನು ಇನ್ನೂ ಒಂದು ಕೆಲಸ ಮಾಡಿದೆ. ಶಾಲೆಯ ಲ್ಯಾಬಿನಿಂದ ಎರಡು ಥರ್ಮಾಮೀಟರು ತಂದಿದ್ದೆ. ಊಟವಾಗಿ ಎಲ್ಲರೂ ಮಲಗಿದ್ದಾಗ ಒಂದನ್ನು ಕಾರಿನ ಮುಂದಿನ ಸೀಟಿನ ಹಿಂದೆ, ನೇರ ಬಿಸಿಲು ತಾಗದ ಹಾಗೆ ದಾರ ಕಟ್ಟಿ ಇಳಿಬಿಟ್ಟೆ. ಇನ್ನೊಂದನ್ನು ಜಗಲಿಯ ನೆರಳಲ್ಲಿ ಇಟ್ಟುಕೊಂಡು ಕೂತೆ. ಅರ್ಧ ಗಂಟೆಯಾದ ಮೇಲೆ ನೋಡಿದರೆ ಒಳಗಿನ ಪಾದರಸ ಹೊರಗಿನದನ್ನು ಎಷ್ಟೋ ಹಿಂದೆ ಬಿಟ್ಟು ಮೇಲೆ ನಿಂತಿತ್ತು. ಬಾಗಿಲಿನ ಹಿಡಿ ಮುಟ್ಟಿ ಕೈ ಸುಟ್ಟುಕೊಂಡೆ. ಕೈ ಉರಿಯುತ್ತಿತ್ತು, ಮನಸ್ಸು ತಣ್ಣಗಿತ್ತು. ಗಾಜಿನೊಳಗೆ ಬೆಳಕು ನುಗ್ಗುತ್ತದೆ, ಒಳಗೆ ಶಾಖವಾಗಿ ಕೂರುತ್ತದೆ, ಹೊರಗೆ ಬರಲು ದಾರಿಯಿಲ್ಲ. ಲಾಲ್‌ಬಾಗಿನ ಗಾಜಿನ ಮನೆಯ ಉದಾಹರಣೆ ಕೊಟ್ಟು ನಾನು ಪಾಠ ಮಾಡುವ ವಿಷಯ. ಎರಡೂ ಅಂಕಿಗಳನ್ನು ನನ್ನ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಹೀಗೆ ಇನ್ನೊಂದು ತಿಂಗಳು ನಿಂತರೆ ಏನಾಗುತ್ತದೆ ಎಂಬುದನ್ನೂ ಬರೆದೆ. ಯಾರಿಗೂ ಹೇಳಲಿಲ್ಲ.

ಚೈತ್ರದ ಹುಣ್ಣಿಮೆಗೆ ಪೇಟೆಯ ಕರಗ ಮುಗಿದ ಮೇಲೆ ಒಂದು ಸಂಜೆ ಅವನು ಒಂದು ಡಬ್ಬಿ ಹಿಡಿದುಕೊಂಡು ಜಗಲಿಯ ಹತ್ತಿರ ಬಂದ. ನನ್ನ ಅಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ದೊಡ್ಡಮ್ಮ ಹೊಸಿಲ ಮೇಲಿದ್ದರು.

"ಮೇಷ್ಟ್ರೇ, ಸೀಟು ಒಣಗ್ಕೊಂಡು ಬಿರ್ಕು ಬಿಡ್ತಾ ಅದೆ ಕಣೋ. ಕಪಿಲೆ ಚೀಲಕ್ಕೆ ಹಚ್ತೀವಲ್ಲ, ಹಂಗೇ ಹೊಂಗೆ ಎಣ್ಣೆ ಹಚ್ಬುಡಾಣ ಅಂತಿದೀನಿ. ಚರ್ಮ ಅಲ್ವಾ, ಕುಡ್ಕೊಂಡು ಮೆತ್ತಗಾಗ್ತದೆ. ಹಚ್ಬೋದಾ? ನೀನು ಓದಿದೋನು, ಹೇಳು."

ಬಾವಿಯಿಂದ ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಚರ್ಮದ ಚೀಲಕ್ಕೆ ನಮ್ಮ ಕಡೆ ಎಣ್ಣೆ ಉಣಿಸುವುದು ವಾಡಿಕೆ. ನಮ್ಮ ತಾತ ಮಾಡಿದ್ದು ಅದೇ, ಅಪ್ಪ ಮಾಡಿದ್ದೂ ಅದೇ. ಆ ಚೀಲ ದಿನಾ ನೀರಿನಲ್ಲಿ ಮುಳುಗಿ ಏಳುತ್ತದೆ. ಅದು ನಿಜವಾದ ಚರ್ಮ, ಎಣ್ಣೆ ಕುಡಿಯುತ್ತದೆ. ರೆಕ್ಸಿನು ಕುಡಿಯುವುದಿಲ್ಲ. ಎಣ್ಣೆ ಮೇಲೇ ನಿಂತು, ಮುಚ್ಚಿದ ಗಾಜಿನೊಳಗೆ ಕಾದು, ಧೂಳು ಹಿಡಿದು, ಅಂಟಿನ ಹಾಗಾಗುತ್ತದೆ. ಇದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವನು ಕೇಳಿದ್ದು ನನ್ನನ್ನೇ, ನನ್ನ ಕಂಬದ ಮುಂದೆ ನಿಂತು. ಅಷ್ಟು ದಿನ ನಾನು ಕಾದದ್ದೂ ಅದಕ್ಕೇ ಅಲ್ಲವೇ? ಆದರೆ ಅವನ ಹಿಂದೆ ಬಿಸಿಲಿನಲ್ಲಿ ಕಾರು ಹೊಳೆಯುತ್ತಿತ್ತು. ನಾನು ಹೇಳಿದರೆ ಅದು ಉಳಿಯುತ್ತಿತ್ತು.

"ನಂಗೇನ್ ಗೊತ್ತು ಅಣ್ಣಯ್ಯ. ಕಾರಿನ ವಿಷ್ಯ ಕಾರಿಟ್ಟೋರಿಗೆ ಗೊತ್ತು" ಅಂದೆ.

"ಅದೂ ಸರಿ ಬಿಡು" ಎಂದು ನಕ್ಕ. ಮರುದಿನ ಬೆಳಗ್ಗೆ ಹಳೆಯ ಪಂಚೆಯ ತುಂಡು ಅದ್ದಿ ಅದ್ದಿ ಮುಂದಿನ ಸೀಟು, ಹಿಂದಿನ ಸೀಟು, ಬಾಗಿಲಿನ ಒಳಮೈ ಎಲ್ಲದಕ್ಕೂ ಎಣ್ಣೆ ಹಚ್ಚಿದ. ಉಳಿದದ್ದನ್ನು ಸ್ಟಿಯರಿಂಗಿಗೂ ಸವರಿದ. ಕಂದು ಬಣ್ಣ ಹೊಸದರ ಹಾಗೆ ಮಿಂಚಿತು. ಊರು ಮತ್ತೆ ಬಂದು ನೋಡಿತು. "ನಮ್ಮ ಕಪಿಲೆ ಬುದ್ಧಿ ಯಾವ ಸೀಮೆ ಕಾರಿಗೂ ನಡೀತದೆ ನೋಡಿ" ಎಂದ. ನಾನು ಸೈಕಲ್ ಹತ್ತಿ ಶಾಲೆಗೆ ಹೋದೆ. ದಾರಿಯುದ್ದಕ್ಕೂ ಸಿಳ್ಳೆ ಹಾಕಿದ ನೆನಪು.

ಮುಂದಿನ ವಾರ ಕೆಂಗೇರಿಯಲ್ಲಿ ಅವನ ಮಾವನ ಮನೆಯ ಗೃಹಪ್ರವೇಶವಿತ್ತು. ದೊಡ್ಡಮ್ಮ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟರು. ನನ್ನ ಅಪ್ಪನೂ ಹೊರಟರು, ಜರಿಯಂಚಿನ ಬಿಳಿ ಪಂಚೆಯಲ್ಲಿ. ಅಪ್ಪನ ಬಳಿ ಅಂಥದ್ದು ಅದೊಂದೇ ಇತ್ತು. ಅವರೂ ಹೋಗುತ್ತಾರೆಂದು ನಾನು ಲೆಕ್ಕ ಹಾಕಿರಲಿಲ್ಲ. "ನೀನೂ ಬಾರೋ" ಅಂದರು. ಶಾಲೆ ಕೆಲಸ ಅಂದೆ. ಹೊರಡುವಾಗ ಬೆಳಗಿನ ತಂಪು. ಏನೂ ಆಗಲಿಲ್ಲ. ಅಲ್ಲಿ ಇಡೀ ಮಧ್ಯಾಹ್ನ ಕಾರು ಚಪ್ಪರದ ಆಚೆ ಬಿಸಿಲಿನಲ್ಲಿ ಗಾಜು ಮುಚ್ಚಿಕೊಂಡು ನಿಂತಿತ್ತಂತೆ. ಊಟ ಮುಗಿಸಿ ಬಂದು ಹತ್ತಿ ಕೂತವರು ಅತ್ತಿಗುಪ್ಪೆ ತಲುಪುವ ತನಕ ಕಮಟು ವಾಸನೆಗೆ ಮೂಗು ಮುಚ್ಚಿಕೊಂಡೇ ಬಂದರಂತೆ.

ಇಳಿದದ್ದನ್ನು ನಾನು ಕಂಬದ ಬಳಿಯಿಂದ ನೋಡಿದೆ. ದೊಡ್ಡಮ್ಮ ಏಳಲು ಹೋದರೆ ಸೀರೆ ಸೀಟನ್ನು ಬಿಡಲಿಲ್ಲ. ಬಿಡಿಸಿಕೊಂಡಾಗ ರೆಕ್ಸಿನಿನ ಕಂದು ಪೊರೆಯೂ ಸೀರೆಗೆ ಅಂಟಿಕೊಂಡು ಬಂತು, ಸೀಟಿನಲ್ಲಿ ಬರೀ ಬಟ್ಟೆ ಉಳಿಯಿತು. ಅಪ್ಪನ ಪಂಚೆಯ ಹಿಂಭಾಗದಲ್ಲಿ ತಟ್ಟೆಯಗಲದ ಕಂದು ಕಲೆ. ಅಣ್ಣಯ್ಯನ ಅಂಗೈಗೆ ಬಟ್ಟೆ ಸುತ್ತಿತ್ತು. ಸ್ಟಿಯರಿಂಗಿನ ಗೀರು ಬಾಯಿ ಬಿಟ್ಟು, ತಿರುಗಿಸುವಾಗ ಚರ್ಮವನ್ನು ಕಚ್ಚಿಕೊಂಡಿತ್ತು.

ಎಲ್ಲರೂ ಜಗಲಿಗೆ ಬಂದು ಕೂತರು. ಅಕ್ಕಪಕ್ಕದ ನಾಲ್ಕು ಮನೆಯವರೂ ಬಂದರು. ಬಹಳ ದಿನಗಳ ಮೇಲೆ ಅಂದು ಎಲ್ಲರ ಮುಖವೂ ನನ್ನ ಕಡೆಗಿತ್ತು.

"ಹಿಂಗ್ಯಾಕಾಯ್ತು ಹೇಳಪ್ಪ" ಎಂದರು ದೊಡ್ಡಮ್ಮ. "ಯಾರದೋ ಕಣ್ಣು ಬಿತ್ತು ಅಂತೀನಿ ನಾನು."

"ಕಣ್ಣೂ ಇಲ್ಲ ಗಿಣ್ಣೂ ಇಲ್ಲ ದೊಡ್ಡಮ್ಮ, ಬಿಸಿಲು" ಅಂದೆ.

ಅಲ್ಲಿಂದ ನಾನು ನಿಲ್ಲಿಸಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಸರಿಯಾಗಿ ಕೂತು, ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಗಾಜು ಬೆಳಕನ್ನು ಒಳಗೆ ಬಿಟ್ಟುಕೊಂಡು ಶಾಖವನ್ನು ಹೇಗೆ ಹೊರಗೆ ಬಿಡುವುದಿಲ್ಲ ಎಂದೆ. ಬಣ್ಣ ಕಪ್ಪಾದರೆ ಇನ್ನೂ ಜಾಸ್ತಿ ಎಂದೆ. ಸ್ಟಿಯರಿಂಗಿನ ಒಳಗೆ ಕಬ್ಬಿಣ, ಮೇಲೆ ಬೇರೆ ವಸ್ತು. ಎರಡೂ ಕಾದಾಗ ಒಂದೇ ಸಮ ಹಿಗ್ಗುವುದಿಲ್ಲ, ಅದಕ್ಕೇ ಸೀಳುತ್ತದೆ ಎಂದೆ. ಹಲಗೆಯ ಪದರ ಎದ್ದದ್ದು ಅಂಟು ಕಾದು ಒಣಗಿದ್ದಕ್ಕೆ. ಸೀಟು ಚರ್ಮವೇ ಅಲ್ಲ, ಎಣ್ಣೆ ಕುಡಿಯುವುದಿಲ್ಲ. ಗಾಜನ್ನು ಕೋಳಿ ತೂರದಷ್ಟು, ಎರಡು ಬೆರಳಗಲ ಇಳಿಸಿಟ್ಟಿದ್ದರೆ, ಮುಂದಿನ ಗಾಜಿಗೆ ಒಂದು ಈಚಲು ಚಾಪೆ ಅಡ್ಡ ಹಾಕಿದ್ದರೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಸುಮ್ಮನಿದ್ದಿದ್ದರೆ ಸಾಕಿತ್ತು.

ಎಲ್ಲರೂ ಬಾಯಿ ಬಿಟ್ಟು ಕೇಳುತ್ತಿದ್ದರು. ಪಕ್ಕದ ಮನೆಯ ಮುದುಕರು, "ಓದು ಅಂದ್ರೆ ಇದು" ಎಂದರು. ನನಗೆ ಅಷ್ಟಕ್ಕೇ ಸಾಕೆನ್ನಿಸಬೇಕಿತ್ತು.

"ಸುಮ್ನೆ ಬಾಯಿಮಾತಲ್ಲ ಇದು" ಅಂದೆ. "ನಾನೇ ಥರ್ಮಾಮೀಟರು ಇಟ್ಟು ನೋಡಿದೀನಿ. ಯುಗಾದಿ ಆದ ಭಾನುವಾರ. ಬೇಕಾದ್ರೆ ಪುಸ್ತಕದಲ್ಲಿ ಬರ್ದಿದೀನಿ, ತೋರಿಸ್ತೀನಿ."

ಒಳಗೆ ಹೋಗಿ ಪುಸ್ತಕವನ್ನೂ ತಂದೆ. ಪುಟ ತೆಗೆದು ಹಿಡಿದೆ. ಯಾರೂ ಕೈ ಚಾಚಲಿಲ್ಲ.

ದೊಡ್ಡಮ್ಮ ಸೆರಗಿಗೆ ಅಂಟಿದ ಕಂದು ಚೂರನ್ನು ಉಗುರಿನಲ್ಲಿ ಕೆರೆಯುತ್ತಿದ್ದರು. ತಲೆಯೆತ್ತದೆ ಕೇಳಿದರು. "ಯುಗಾದೀಲಾ?"

"ಹೂಂ."

"ಎಣ್ಣೆ ಹಚ್ಬೋದಾ ಅಂತ ಇವನು ನಿನ್ನ ಕೇಳಿದ್ದು ಕರಗ ಆದ್ಮೇಲೆ. ನಾನು ಇಲ್ಲೇ ಹೊಸ್ಲ ಮೇಲೆ ಕೂತಿದ್ದೆ. ನಂಗೇನ್ ಗೊತ್ತು ಅಂದೆ ನೀನು." ಸೆರಗನ್ನು ಕೊಡವಿಕೊಂಡರು. "ಯುಗಾದಿಗಿಂತ ಮುಂಚೆ ಕರಗ ಬರ್ತದೇನಪ್ಪ, ನಿಮ್ಮ ಸ್ಕೂಲಲ್ಲಿ?"

ನಾನು ಪುಸ್ತಕ ಮುಚ್ಚಿದೆ. ಅಪ್ಪ ನನ್ನನ್ನು ನೋಡಿದರು. ಆಮೇಲೆ ತಮ್ಮ ಪಂಚೆಯ ಕಲೆಯನ್ನು ಮುಂದಕ್ಕೆ ಎಳೆದುಕೊಂಡು ನೋಡಿದರು. ಬೈದಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಅಣ್ಣಯ್ಯ ಅಂಗೈಯ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡ. "ಹೋಗ್ಲಿ ಬಿಡವ್ವ. ಮೇಷ್ಟ್ರಿಗೆ ಮರ್ತೋಗಿತ್ತೇನೋ" ಎಂದು ಎದ್ದು ಹೋದ. ನನ್ನ ಮರ್ಯಾದೆ ಉಳಿಸಲು ಅವನು ಹೇಳಿದ ಸುಳ್ಳನ್ನು ಅಲ್ಲಿದ್ದವರಲ್ಲಿ ಯಾರೂ ನಂಬಲಿಲ್ಲ. ಪಕ್ಕದ ಮನೆಯ ಮುದುಕರು ರುಮಾಲು ಸುತ್ತಿಕೊಂಡು ಹೊರಟರು.

ಕಂಬದ ಜಾಗದಿಂದ ನನ್ನನ್ನು ಯಾರೂ ಏಳಿಸಲಿಲ್ಲ. ನಾನು ಅಲ್ಲೇ ಕೂರುತ್ತಿದ್ದೆ. ಆದರೆ ಆಷಾಢದಲ್ಲಿ ಜಮೀನಿನ ಇನ್ನೊಂದು ನೋಟಿಸು ಬಂದಾಗ ದೊಡ್ಡಮ್ಮ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾಗಡಿ ರಸ್ತೆಯ ಹೆಂಚಿನ ಅಂಗಡಿಯ ಗುಮಾಸ್ತರ ಹತ್ತಿರ ಓದಿಸಿಕೊಂಡು ಬಂದರು. ಆತ ಮೆಟ್ರಿಕ್ಯುಲೇಷನ್ ಕೂಡ ದಾಟಿದವನಲ್ಲ. ನನ್ನ ಎದುರೇ ಹಾದು ಹೋದರು, ನನ್ನ ಎದುರೇ ವಾಪಸು ಬಂದರು. ನೋಟಿಸಿನಲ್ಲಿ ಏನಿತ್ತೆಂದು ನಾನು ನನ್ನ ಅಮ್ಮನಿಂದ ಕೇಳಿ ತಿಳಿಯಬೇಕಾಯಿತು.

ಕಾರು ಹಾಳಾಗಲಿಲ್ಲ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿದ ಸಂಗತಿ. ಸೀಟನ್ನು ಸೀಗೆಪುಡಿಯಲ್ಲಿ ಉಜ್ಜಿ ತೊಳೆದು, ಮೇಲೆ ಕಂಬಳಿ ಹಾಸಿದ. ಸ್ಟಿಯರಿಂಗಿಗೆ ಸೆಣಬಿನ ಹುರಿ ಒತ್ತಾಗಿ ಸುತ್ತಿದ. ಗಾಜನ್ನು ಎರಡು ಬೆರಳಗಲ ಇಳಿಸಿಟ್ಟ. ಮುಂದಿನ ಗಾಜಿಗೆ ಈಚಲು ಚಾಪೆ ಬಂತು. ನಾನು ಜಗಲಿಯಲ್ಲಿ ಹೇಳಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಮರುವರ್ಷದ ಬೇಸಿಗೆ. ಸೈಕಲ್ ಪಂಕ್ಚರಾಗಿ, ನಡು ಮಧ್ಯಾಹ್ನ ಅದನ್ನು ತಳ್ಳಿಕೊಂಡು ಮಾಗಡಿ ರಸ್ತೆಯಲ್ಲಿ ಬರುತ್ತಿದ್ದೆ. ಸೈಕಲ್ ಅಂಗಡಿಯ ಮುಂದೆ ಅವನ ಕಾರು ನಿಂತಿತ್ತು. ಪಕ್ಕದ ಹೋಟೆಲಿನಿಂದ ಅವನು ಹೊರಗೆ ಬಂದ.

"ಸೈಕಲ್ ಇಲ್ಲೇ ಬಿಡು, ರಿಪೇರಿ ಮಾಡಿಟ್ಟಿರ್ತಾರೆ. ಬಾ, ಮನೇಗೇ ಹೋಗ್ತಾ ಇದೀನಿ" ಎಂದ.

ಈ ಸಲ ನನಗೆ ತಿದ್ದುವ ಯಾವ ಪೇಪರೂ ನೆನಪಿಗೆ ಬರಲಿಲ್ಲ. ಆ ಕಾರಿನಲ್ಲಿ ನಾನು ಕೂರಲು ಹೋದದ್ದು ಅಂದೇ ಮೊದಲು. ಬಾಗಿಲಿನ ಹತ್ತಿರ ಹೋಗಿ ಕೈ ಚಾಚಿದೆ.

"ಹಿಡಿ ಕಾದಿರ್ತದೆ, ಹುಷಾರು" ಎಂದ ಆ ಬದಿಯಿಂದ. ಒಳಗೆ ಕೂತು, ಚಾಪೆ ಸುತ್ತಿ ಹಿಂದಕ್ಕೆ ಹಾಕಿ, ನನ್ನ ಕಡೆ ನೋಡದೆ ಮಾತು ಮುಗಿಸಿದ. "ನಿಂಗೆ ಗೊತ್ತೇ ಇರ್ತದೆ ಬಿಡು."